ಹಾಸ್ಟೆಲಿನ ಮಾಗಿಚಳಿ

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ವಿದ್ಯಾರ್ಥಿನಿಲಯಗಳ ಚಳಿಯ ಬಗ್ಗೆ ಗಂಭೀರವಾಗಿ ಬರೆಯಬೇಕೆಂದರೆ ಮೊದಲಿಗೆ ಎದುರಾಗುವುದು, ಸೆಕೆಗೂ ಮಳೆಗೂ ಹೆಸರಾದ ಈ ನೆಲದಲ್ಲಿ ಚಳಿಯಾದರೂ ಎಲ್ಲಿದೆ ಎಂಬ ಪ್ರಶ್ನೆ. ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 1962ರ ಜನವರಿ 22ರಂದು ಕನಿಷ್ಠ ತಾಪಮಾನ 7.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ತಂಪಿನ ಊರೆಂದು ಹೊಗಳಿಸಿಕೊಳ್ಳುವ ಬೆಂಗಳೂರಿನ ದಾಖಲೆಯೋ 1884ರ ಜನವರಿಯ 7.8 ಡಿಗ್ರಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಕೊಂಕಣದ ಚಳಿಯನ್ನು ತಳ್ಳಿಹಾಕುವುದು ಸುಲಭವಾಗದು. ಅಂಥ ದಿನಗಳು ಅಪರೂಪವೆಂಬುದು ನಿಜ. 2012ರ ಫೆಬ್ರವರಿಯಲ್ಲಿ ಅದೇ ಕೇಂದ್ರದ ತಾಪಮಾನ 8.8ಕ್ಕೆ ಇಳಿದದ್ದು ಬಿಟ್ಟರೆ, ಸಾಮಾನ್ಯವಾಗಿ ಜನವರಿಯ ಬೆಳಗಿನ ಜಾವ ಅಲ್ಲಿ ಹದಿನಾರು ಹದಿನೇಳು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೂ ಹವಾಮಾನ ಇಲಾಖೆಯೇ ಕರಾವಳಿಗೆ ಬೇರೆ ಅಳತೆಯನ್ನಿಟ್ಟಿದೆ: ಬಯಲುಸೀಮೆಯಲ್ಲಿ ಶೀತ ಅಲೆ, ಅಂದರೆ ವಾಡಿಕೆಯನ್ನು ಮೀರಿದ ಚಳಿಯ ಹೊಡೆತ, ಎಂದು ಸಾರುವುದಕ್ಕೆ ಕನಿಷ್ಠ ತಾಪಮಾನ 10 ಡಿಗ್ರಿಗಾದರೂ ಇಳಿಯಬೇಕಾದರೆ, ಕರಾವಳಿಯಲ್ಲಿ ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟು ಕುಸಿದು 15 ಡಿಗ್ರಿಯೊಳಗೆ ಬಂದರೆ ಸಾಕು. ಸೆಕೆಗೆ ಒಗ್ಗಿದ ಮೈಗೆ ಅಷ್ಟು ಚಳಿಯೂ ಕಷ್ಟವೇ ಎಂಬುದನ್ನು ಸರ್ಕಾರದ ಶಾಸ್ತ್ರವೂ ಒಪ್ಪಿಕೊಂಡಿದೆ ಎಂದಾಯಿತು.

ಈ ಚಳಿ ಎಲ್ಲೆಡೆ ಒಂದೇ ಸಮನಾಗಿ ಹರಡಿಕೊಂಡಿಲ್ಲ. ಸಮುದ್ರದ ನೀರು ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ರಾತ್ರಿಯಲ್ಲಿ ಮೆಲ್ಲನೆ ಬಿಟ್ಟುಕೊಡುವುದರಿಂದ ಕಡಲಂಚಿನ ಕೊಲಾಬಾ ಬೆಚ್ಚಗಿರುತ್ತದೆ. ಅಲ್ಲಿಂದ ಥಾಣೆ, ಡೊಂಬಿವಲಿ, ಕಲ್ಯಾಣಗಳನ್ನು ದಾಟಿ ಉಲ್ಹಾಸ್ ನದಿಯ ಕಣಿವೆಯಲ್ಲಿ ಬದ್ಲಾಪುರದ ಕಡೆಗೆ ರೈಲು ಸಾಗಿದಂತೆಲ್ಲ ಕಡಲ ಆಸರೆ ತಪ್ಪುತ್ತದೆ, ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಶಾಖವನ್ನೆಲ್ಲ ಒಪ್ಪಿಸಿಬಿಡುತ್ತದೆ, ಸಹ್ಯಾದ್ರಿಯ ಇಳಿಜಾರಿನಿಂದ ಜಾರಿಬಂದ ತಣ್ಣನೆಯ ಭಾರವಾದ ಗಾಳಿ ತಗ್ಗಿನಲ್ಲಿ ತುಂಬಿ ನಿಲ್ಲುತ್ತದೆ. ಹಿಮಾಲಯದ ಕಡೆ ಮಳೆ ಹಿಮ ಸುರಿಸುವ ಪಶ್ಚಿಮದ ವಾಯುಕ್ಷೋಭೆಗಳು ಹಾದುಹೋದ ಬೆನ್ನಿಗೆ ಉತ್ತರದ ಒಣಗಾಳಿ ಇಳಿದುಬಂದರೆ ಕಲ್ಯಾಣದ ಬೆಳಗು ಮುಂಬಯಿಯ ಬೆಳಗಿಗಿಂತ ಹಲವು ಡಿಗ್ರಿ ತಣ್ಣಗಾಗುತ್ತದೆ. ನವಿ ಮುಂಬಯಿಯೊಳಗೂ ಈ ಭೇದವಿದ್ದು, ಖಾಡಿಯ, ಎಂದರೆ ನೆಲದೊಳಗೆ ಚಾಚಿದ ಕಡಲ ಕವಲಿನ, ದಂಡೆಯ ವಾಶಿಗಿಂತ ಬೆಟ್ಟದ ಬುಡದ ಖಾರಘರ್ ಬೇಗ ಕೊರೆಯತೊಡಗುತ್ತದೆ. ಮರಾಠಿಯ ಜನ ಡಿಸೆಂಬರಿನ ಈ ಹಿತವಾದ ಚಳಿಯನ್ನು ಗುಲಾಬಿ ಥಂಡಿ ಎಂದು ಪ್ರೀತಿಯಿಂದ ಕರೆಯುತ್ತಾರೆ. ಅದು ಮನೆಯಿದ್ದವರ ಮಾತು. ಹಾಸ್ಟೆಲಿನಲ್ಲಿ ಇರುವವರಿಗೆ ಅದರ ಬಣ್ಣ ಬೇರೆ.

ಏಕೆ ಬೇರೆ ಎಂಬುದಕ್ಕೆ ಕಟ್ಟಡಗಳೇ ಉತ್ತರ ಹೇಳುತ್ತವೆ. ಸಿಡ್ಕೊ ಸಂಸ್ಥೆ 1970ರಲ್ಲಿ ಸ್ಥಾಪನೆಯಾಗಿ ನವಿ ಮುಂಬಯಿಯನ್ನು ಕಟ್ಟತೊಡಗಿದ ಮೇಲೆ ನೆರೂಳ್, ಬೇಲಾಪುರ, ಖಾರಘರ್‌ಗಳಲ್ಲಿ ವೈದ್ಯಕೀಯ, ತಾಂತ್ರಿಕ ಕಾಲೇಜುಗಳು ತಲೆಯೆತ್ತಿದವು, ಅವುಗಳೊಂದಿಗೆ ಹಾಸ್ಟೆಲುಗಳೂ, ಹಾಸ್ಟೆಲು ಸಿಗದವರಿಗಾಗಿ ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡುವ ಪಿಜಿಗಳೂ ಬೆಳೆದವು. ಇವೆಲ್ಲವೂ ಗಾಳಿ ಆಡಬೇಕೆಂಬ ಒಂದೇ ಉದ್ದೇಶದಿಂದ ಕಟ್ಟಿದವು; ಸರಿಯುವ ಅಲ್ಯುಮಿನಿಯಂ ಕಿಟಕಿ, ಸ್ನಾನದ ಕೋಣೆಯಲ್ಲಿ ಮುಚ್ಚಲು ಬಾರದ ಓರೆ ಗಾಜಿನ ಪಟ್ಟಿಗಳು, ಕೆಳಗೆ ಟೈಲ್ಸ್ ನೆಲ. ಟೈಲ್ಸು ಕೋಣೆಯ ಗಾಳಿಗಿಂತ ತಣ್ಣಗಿಲ್ಲದಿದ್ದರೂ ಪಾದದ ಶಾಖವನ್ನು ಮರ ಬಟ್ಟೆಗಳಿಗಿಂತ ಬೇಗ ಎಳೆದುಕೊಳ್ಳುವುದರಿಂದ ಹೆಚ್ಚು ತಣ್ಣಗೆ ತಾಗುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಓದುವ ಕನ್ನಡದ ಮಕ್ಕಳು ಹೊರಗೆ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಹಿಮವನ್ನು ಕಂಡರೂ ಒಳಗೆ ತೆಳು ಅಂಗಿಯಲ್ಲಿ ಓಡಾಡುತ್ತಾರೆ, ಏಕೆಂದರೆ ಅಲ್ಲಿ ಕೋಣೆಯನ್ನು ಬೆಚ್ಚಗಿಡುವುದು ಕಟ್ಟಡದ ಹೊಣೆ. ಥಾಣೆ ಜಿಲ್ಲೆಯಲ್ಲಿ ಆ ಹೊಣೆ ವಿದ್ಯಾರ್ಥಿಯ ಹೊದಿಕೆಯದು. ಮಧ್ಯಾಹ್ನ ಮೂವತ್ತು ಡಿಗ್ರಿಯ ಬಿಸಿಲಿನಲ್ಲಿ ಫ್ಯಾನು ತಿರುಗಿಸಿದ ಕೋಣೆಯಲ್ಲೇ ನಸುಕಿಗೆ ನಾಲ್ವರು ಮುದುಡಿಕೊಂಡು ಮಲಗಿರುತ್ತಾರೆ. ಹಾಸ್ಟೆಲನ್ನು ನಡೆಸುವವರು ಹಗಲಿನಲ್ಲಷ್ಟೇ ಅದನ್ನು ನೋಡುವುದರಿಂದ ನಸುಕಿನ ಕಷ್ಟ ಅವರ ಗಮನಕ್ಕೆ ಬಾರದೇ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ತಾರಸಿಯ ಪ್ಲಾಸ್ಟಿಕ್ ಟಾಕಿಯ ನೀರು ರಾತ್ರಿಯಿಡೀ ಬಯಲಿನಲ್ಲಿ ಆರಿ, ಐದು ಗಂಟೆಗೆ ನಲ್ಲಿ ತಿರುಗಿಸಿದವರ ಬೆರಳುಗಳನ್ನು ಮರಗಟ್ಟಿಸುತ್ತದೆ. ಒಂದು ದೊಡ್ಡ ಬಕೆಟ್ಟಿನ ಇಪ್ಪತ್ತು ಲೀಟರ್ ನೀರನ್ನು ಹದಿನೆಂಟು ಡಿಗ್ರಿಯಿಂದ ನಲವತ್ತಕ್ಕೆ ಏರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ವಿದ್ಯುತ್ ಸಾಕು. ನೂರು ವಿದ್ಯಾರ್ಥಿಗಳಿಗೆ ದಿನಕ್ಕೆ ಐವತ್ತು ಯೂನಿಟ್. ಊಟ, ದೀಪ, ಬೇಸಗೆಯ ಫ್ಯಾನುಗಳ ಲೆಕ್ಕದ ಮುಂದೆ ಇದು ಯಾವ ಸಂಸ್ಥೆಗೂ ಹೊರಲಾಗದ ಭಾರವಲ್ಲ. ತಾರಸಿಯ ಮೇಲೆ ಸೌರ ಜಲತಾಪಕವನ್ನು, ಅಂದರೆ ಬಿಸಿಲಿನಿಂದ ನೀರು ಕಾಯಿಸುವ ಫಲಕಗಳನ್ನು, ಕೂರಿಸಿದ ಹಾಸ್ಟೆಲುಗಳೂ ಇವೆ, ಆದರೆ ಅವುಗಳ ಹಂಡೆಯಲ್ಲಿರುವುದು ಹಿಂದಿನ ದಿನ ಕಾದ ನೀರಾದ್ದರಿಂದ ಮೊದಲು ಎದ್ದವರಿಗೆ ಬಿಸಿನೀರು, ಕೊನೆಗೆ ಬಂದವರಿಗೆ ಬರಿಯ ನೀರು. ಇದರಿಂದ ಹುಟ್ಟುವ ಸಾಲು, ಸಾಲಿನಲ್ಲಿ ಗೆಳೆಯನ ಪರವಾಗಿ ಇಟ್ಟ ಬಕೆಟ್ಟು, ಪರೀಕ್ಷೆಯಿದ್ದವರಿಗೆ ಮೊದಲು ಬಿಟ್ಟುಕೊಡುವ ಅಲಿಖಿತ ನಿಯಮ ಇವೆಲ್ಲ ಹಾಸ್ಟೆಲು ಕಲಿಸುವ ನಾಗರಿಕತೆಯ ಭಾಗವೇ ಆಗಿವೆ. ಮೊದಲ ಲೋಕಲುಗಳಲ್ಲಿ ಕಲ್ಯಾಣದಿಂದಲೋ ಡೊಂಬಿವಲಿಯಿಂದಲೋ ಮುಂಬಯಿಯ ಕಡೆ ಹೊರಡಬೇಕಾದವರಿಗೆ ಮಾತ್ರ ಈ ಸಾಲಿಗೆ ನಿಲ್ಲುವ ಸಮಯವೂ ಇರುವುದಿಲ್ಲ.

ಗೀಸರ್ ಇಲ್ಲದ ಕಡೆ ನೀರು ಕಾಯಿಸುವ ಸರಳು, ಜನ ರಾಡ್ ಎನ್ನುವುದು, ಕದ್ದುಮುಚ್ಚಿ ಒಳಗೆ ಬರುತ್ತದೆ, ರೆಕ್ಟರ್, ಎಂದರೆ ಮಹಾರಾಷ್ಟ್ರದಲ್ಲಿ ಹಾಸ್ಟೆಲಿನ ಮೇಲ್ವಿಚಾರಕರು, ತಪಾಸಣೆ ನಡೆಸಿ ಅದನ್ನು ವಶಪಡಿಸಿಕೊಳ್ಳುತ್ತಾರೆ. ಅವರು ಮಾಡುವುದು ತಪ್ಪಲ್ಲ. ಒದ್ದೆ ಕೈಯಿಂದ ರಾಡನ್ನು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಗಾಳಿಯಾಡದ ಸ್ನಾನದ ಕೋಣೆಯ ಗ್ಯಾಸ್ ಗೀಸರ್ ಮತ್ತು ಮುಚ್ಚಿದ ಕೋಣೆಯ ಇದ್ದಿಲ ಒಲೆ ಇನ್ನೂ ಅಪಾಯಕಾರಿ, ಏಕೆಂದರೆ ಅವು ಹೊರಸೂಸುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದರೆ ನಿಷೇಧಿಸುವ ಕೈಯೇ ಬಿಸಿನೀರನ್ನೂ ಒದಗಿಸಬೇಕು. ಒದಗಿಸದೆ ಬರಿಯ ದಂಡ ಹಾಕಿದರೆ ಅಪಾಯ ಕಡಿಮೆಯಾಗದು, ಮಂಚದ ಕೆಳಗೆ ಅಡಗಿ ಇನ್ನಷ್ಟು ಹೆಚ್ಚೀತು.

ಹೊದಿಕೆಯ ವಿಷಯಕ್ಕೆ ಬಂದರೆ, ಊರು ಬಿಟ್ಟು ಈ ಹಾಸ್ಟೆಲುಗಳಿಗೆ ಓದಲು ಬಂದ ಕನ್ನಡದ ಮಕ್ಕಳ ಟ್ರಂಕಿನಲ್ಲಿ ಒಂದು ದೊಡ್ಡ ಸಂಪತ್ತಿದೆ. ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ತರುವ ಕೌದಿ, ಅಂದರೆ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಒತ್ತಾಗಿ ದಾರದಿಂದ ಹೊಲಿದ ಹೊದಿಕೆ, ಮಹಾರಾಷ್ಟ್ರದ ಮನೆಗಳ ಗೋಧಡಿಯ ಒಡಹುಟ್ಟು. ಪದರಗಳ ನಡುವೆ ಸಿಕ್ಕ ಗಾಳಿ ಅಲುಗಾಡದೆ ನಿಲ್ಲುವುದರಿಂದ ಮೈಯ ಶಾಖ ಬೇಗ ಹೊರಗೆ ಹೋಗಲಾರದು. ಅಂಗಡಿಯ ಹೊಳೆಯುವ ನೂಲುಹೊದಿಕೆಗಳಿಗಿಂತ ಅದು ಬೆಚ್ಚಗಿರುವುದು ಇದೇ ಕಾರಣಕ್ಕೆ. ಅಜ್ಜಿಯ ಇಳಕಲ್ ಸೀರೆಯ ಅಂಚು ಒಂದು ಮೂಲೆಯಲ್ಲಿ, ಅಕ್ಕನ ಶಾಲೆಯ ಲಂಗ ಇನ್ನೊಂದು ಮೂಲೆಯಲ್ಲಿ ಉಳಿದಿರುವ ಇಂಥ ಕೌದಿಯನ್ನು ಜುಲೈಯಲ್ಲಿ ನಾಚಿಕೆಯಿಂದ ಟ್ರಂಕಿನ ತಳದಲ್ಲಿ ಮುಚ್ಚಿಟ್ಟವರು ಡಿಸೆಂಬರಿನಲ್ಲಿ ಹೊರತೆಗೆಯುತ್ತಾರೆ, ಆಗ ಅದರ ಒಂದು ತುದಿಗಾಗಿ ಪಕ್ಕದ ಮಂಚದವರೂ ಕೈ ಚಾಚುತ್ತಾರೆ. ಸೊಲ್ಲಾಪುರದ ಚಾದರ, ಕುರುಬರು ನೇಯ್ದ ಕರಿಯ ಕಂಬಳಿ ಇವೂ ಈ ಸಾಲಿನವೇ. ಉಡುಪಿ, ಮಂಗಳೂರಿನ ಕಡೆಯಿಂದ ಬಂದವರ ಟ್ರಂಕಿನಲ್ಲಿ ಇಂಥದ್ದೇನೂ ಇರುವುದಿಲ್ಲ. ಇಪ್ಪತ್ತು ಡಿಗ್ರಿಗಿಂತ ಕೆಳಗಿನ ಬೆಳಗನ್ನೇ ಅಪರೂಪಕ್ಕೆ ಕಂಡ ಅವರು ತೆಳು ಬೈರಾಸಿನೊಂದಿಗೆ, ಅಂದರೆ ಹೆಗಲ ವಸ್ತ್ರದೊಂದಿಗೆ, ಬಂದಿರುತ್ತಾರೆ. ಬೀದರಿನ ಬಯಲುಚಳಿ ಉಂಡವನಿಗೆ ಹಿತವೆನಿಸುವ ಕಲ್ಯಾಣದ ಬೆಳಗು ಮಲ್ಪೆಯವನಿಗೆ ನಡುಕ ಹುಟ್ಟಿಸುತ್ತದೆ.

ಕರಾವಳಿಯ ಈ ಮಕ್ಕಳ ಹಿಂದಿನ ತಲೆಮಾರಿಗೆ ಹಾಸ್ಟೆಲೇ ಇರಲಿಲ್ಲ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರು ಅಂಗಡಿ ಮುಚ್ಚಿದ ಮೇಲೆ ಮೇಜು ಬೆಂಚುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗಿದರು. ಅಡುಗೆಕೋಣೆಯ ಭಟ್ಟಿ, ಎಂದರೆ ದೊಡ್ಡ ಒಲೆ, ಆರುವುದಕ್ಕೆ ಹೊತ್ತು ಹಿಡಿಯುತ್ತಿದ್ದುದರಿಂದ ಚಳಿಗಾಲದಲ್ಲಿ ಅದರ ಸಮೀಪದ ಜಾಗಕ್ಕೆ ಬೆಲೆಯಿತ್ತು, ಬೆಳಗಿನ ಚಹಾಕ್ಕೆಂದು ಕಾಯುವ ನೀರಿನಲ್ಲಿ ಮುಖ ತೊಳೆಯುವಷ್ಟಾದರೂ ಬಿಸಿ ಸಿಗುತ್ತಿತ್ತು. ಅವರಲ್ಲಿ ಎಷ್ಟೋ ಮಂದಿ ಮುಂದೆ ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ಸಂಸಾರ ಹೂಡಿದರು. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬಂದಿರುವಂತೆ ಊರೂರಿಗೆ ಸಂಘ ಕಟ್ಟಿ, ಓದುವ ಮಕ್ಕಳ ಬೆನ್ನಿಗೆ ನಿಂತರು. ಚಳಿಯಲ್ಲಿ ಓದುವುದು ಏನೆಂದು ಆ ಪೀಳಿಗೆಗೆ ತಿಳಿಸಿ ಹೇಳಬೇಕಾಗಿಲ್ಲ.

ಮಾಗಿಗೆ ಅದರದೇ ಸುಖಗಳೂ ಇವೆ, ಅವನ್ನು ಮರೆಯುವುದು ಅನ್ಯಾಯ. ನೆರೂಳ್, ಐರೋಲಿಗಳ ಕಡೆಯ ಖಾಡಿಯ ಕೆಸರಿಗೆ ಗುಲಾಬಿ ರೆಕ್ಕೆಯ ಫ್ಲೆಮಿಂಗೊಗಳು ಇಳಿಯುವುದು ಈ ಕಾಲದಲ್ಲೇ. ಪನವೇಲಿನ ಸುತ್ತಿನ ಹಳ್ಳಿಗಳಲ್ಲಿ ಅವರೆಯ ಜಾತಿಯ ವಾಲ್ ಕಾಯಿಗಳನ್ನು ಮಡಕೆಯಲ್ಲಿ ಸೊಪ್ಪಿನೊಂದಿಗೆ ತುಂಬಿ ಬೆಂಕಿಯಲ್ಲಿ ಬೇಯಿಸುವ ಪೋಪಟಿಗೆ ಸ್ಥಳೀಯ ಗೆಳೆಯರು ಹಾಸ್ಟೆಲಿನವರನ್ನು ಕರೆದೊಯ್ಯುತ್ತಾರೆ. ಸಂಕ್ರಾಂತಿಯಂದು ತಿಳಗುಳವನ್ನು ಕೊಡುವ ಕೈಗೆ ಬದಲಾಗಿ ಕನ್ನಡದವರು ಎಳ್ಳುಬೆಲ್ಲದ ಪೊಟ್ಟಣವನ್ನು ಚಾಚುತ್ತಾರೆ.

ಇಷ್ಟಾದರೂ ವರ್ಷಕ್ಕೆ ಕೆಲವೇ ವಾರಗಳ ಚಳಿಯೆಂದು ಹಾಸ್ಟೆಲುಗಳು ಸುಮ್ಮನಿರುವುದು ಸರಿಯಲ್ಲ. ಮುಂಬಯಿ ವಿಶ್ವವಿದ್ಯಾಲಯದ ಚಳಿಗಾಲದ ಪರೀಕ್ಷೆಗಳು ನಡೆಯುವುದೂ, ರಾತ್ರಿ ನಿದ್ದೆಗೆಟ್ಟು ಓದುವುದೂ ಬಹುಮಟ್ಟಿಗೆ ಇದೇ ವಾರಗಳಲ್ಲಿ. ನಸುಕಿನ ಐದು ಗಂಟೆಗೆ ಬಿಸಿನೀರು, ಮುಚ್ಚಲು ಬರುವ ಕಿಟಕಿ, ತಲೆಗೊಂದು ದಪ್ಪ ಹೊದಿಕೆ: ಇವು ಸೌಕರ್ಯಗಳಲ್ಲ, ಶುಲ್ಕ ಪಡೆದ ಸಂಸ್ಥೆಯ ಕರ್ತವ್ಯ. ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ಕನ್ನಡ ಸಂಘಗಳು ವಿದ್ಯಾರ್ಥಿವೇತನದ ಪಟ್ಟಿಯ ಜೊತೆಗೆ, ಊರು ಬಿಟ್ಟು ಬಂದು ಹಾಸ್ಟೆಲು, ಪಿಜಿಗಳಲ್ಲಿರುವ ಮಕ್ಕಳ ಪಟ್ಟಿಯೊಂದನ್ನೂ ಮಾಡಿಕೊಂಡು, ಡಿಸೆಂಬರ್ ಹುಟ್ಟುವ ಮೊದಲು ಪ್ರತಿಯೊಬ್ಬರಿಗೂ ಒಂದು ಕಂಬಳಿ ತಲುಪುವಂತೆ ನೋಡಿಕೊಳ್ಳಲಿ. ಮನೆಗಳಲ್ಲಿ ಅಟ್ಟ ಸೇರಿರುವ ಕೌದಿಗಳನ್ನು ಬಿಸಿಲಿಗೆ ಹಾಕಿ, ಹತ್ತಿರದ ಹಾಸ್ಟೆಲಿನಲ್ಲಿ ಯಾರಿದ್ದಾರೆಂದು ವಿಚಾರಿಸಿ ಕೊಟ್ಟುಬರಲಿ.