ಸ್ಪ್ಯಾನಿಷ್ ನುಡಿಯಲ್ಲಿ ನಮ್ಮ ಹೆಸರು



ಈ ಮುಂಬಯಿಯಲ್ಲಿ ನಮ್ಮನ್ನು 'ಮದ್ರಾಸಿ'ಗಳೆಂದು ಕರೆದವರನ್ನು ನೀವೂ ಕಂಡಿರಬಹುದು. ಹಾಗೆ ಕರೆಯುವವರಲ್ಲಿ ದ್ವೇಷವೇನೂ ಇರಲಾರದು. ತಮಗೆ ತಿಳಿಯದ ನಾಲ್ಕು ನುಡಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದರಾಯಿತೆಂಬ ಉದಾಸೀನವಷ್ಟೇ. ಆದರೂ ಆ ಮಾತು ಕಿವಿಗೆ ಬಿದ್ದಾಗ ಮನಸ್ಸು ಮುದುಡುತ್ತದೆ. ಬಿಡುವಿನ ವೇಳೆಯಲ್ಲಿ ಸ್ಪ್ಯಾನಿಷ್ ಅಭ್ಯಾಸಕ್ಕೆ ತೊಡಗಿದ ನಾವು, ಜನರ ಹೆಸರನ್ನೂ ನುಡಿಯ ಹೆಸರನ್ನೂ ಆ ಭಾಷೆ ಹೇಗೆ ನಡೆಸಿಕೊಳ್ಳುತ್ತದೆಂಬುದನ್ನೇ ಮೊದಲು ಹುಡುಕಿದುದಕ್ಕೆ ಇದೇ ಕಾರಣ.

ನಮ್ಮಲ್ಲಿ ನುಡಿ ಕನ್ನಡ. ಆಡುವವನು ಕನ್ನಡಿಗ, ಆಡುವವಳು ಕನ್ನಡತಿ. ಸ್ಪ್ಯಾನಿಷರಲ್ಲಾದರೋ 'ಎಸ್ಪಞೊಲ್' ಎಂದರೆ ನುಡಿಯೂ ಹೌದು, ಸ್ಪೇನಿನ ಗಂಡಸೂ ಹೌದು. ಹೆಂಗಸಾದರೆ 'ಎಸ್ಪಞೊಲ', ಹಲವರಾದರೆ 'ಎಸ್ಪಞೊಲೆಸ್', ಹಲವು ಹೆಂಗಸರು ಮಾತ್ರವೇ ಇದ್ದರೆ 'ಎಸ್ಪಞೊಲಸ್'. ಕನ್ನಡ ಪುಸ್ತಕ, ಕನ್ನಡ ಹಾಡು ಎನ್ನುವಾಗ ನಮ್ಮ ವಿಶೇಷಣ ಕದಲುವುದಿಲ್ಲ. ಅಲ್ಲಿ ಪುಸ್ತಕವು ಪುಲ್ಲಿಂಗ, ಹಾಡು ಸ್ತ್ರೀಲಿಂಗ. ವಿಶೇಷಣವೂ ಅದರಂತೆ ಬಾಗಬೇಕು. ನುಡಿಯ ಹೆಸರು ಮಾತ್ರ ಆಡುವವರು ಯಾರೇ ಆಗಲಿ, ಎಂದೆಂದಿಗೂ ಪುಲ್ಲಿಂಗವೇ. ಬೆಲ್ಜಿಯಮಿನವರಿಗೆ ಹೇಳುವ 'ಬೆಲ್ಗ' ಎಂಬ ಪದ ಗಂಡಿಗೂ ಹೆಣ್ಣಿಗೂ ಒಂದೇ. ಇಂತಹವು ಇನ್ನೂ ಕೆಲವಿವೆ.

ಇಂಗ್ಲಿಷ್ ಕಲಿತ ಕೈಗೆ ಇನ್ನೊಂದು ತೊಡಕುಂಟು. ಇಂಗ್ಲಿಷಿನಲ್ಲಿ ಜನರ ಹೆಸರೂ ನುಡಿಯ ಹೆಸರೂ ದೊಡ್ಡಕ್ಷರದಿಂದಲೇ ಮೊದಲಾಗಬೇಕು. ಸ್ಪ್ಯಾನಿಷಿನಲ್ಲಿ ಆ ಮರ್ಯಾದೆ ದೇಶದ ಹೆಸರಿಗೆ ಮಾತ್ರ ಸಲ್ಲುತ್ತದೆ. 'ಲ ಇಂದಿಯ' ಎಂಬುದನ್ನು ದೊಡ್ಡಕ್ಷರದಿಂದ ಬರೆದರೆ ಭಾರತ ದೇಶ. ಸಣ್ಣಕ್ಷರದಿಂದ ಬರೆದರೆ ಭಾರತದ ಒಬ್ಬ ಹೆಂಗಸು! ಸಣ್ಣದು ದೊಡ್ಡದೆಂಬ ಭೇದವನ್ನೇ ಅರಿಯದ ನಮ್ಮ ಲಿಪಿ ಎಷ್ಟು ಸುಖಿ ಎಂದು ಆಗ ನಮಗನಿಸಿತು.

ಇನ್ನು ಭಾರತೀಯನಿಗೆ ಏನೆನ್ನಬೇಕು? ವ್ಯಾಕರಣದ ಪ್ರಕಾರ 'ಇಂದಿಯೊ'. ಆದರೆ 1492ರಲ್ಲಿ ಪೂರ್ವದೇಶಗಳಿಗೆ ದಾರಿ ಹುಡುಕಿ ಹೊರಟ ಕೊಲಂಬಸನು ಅಮೆರಿಕದ ದ್ವೀಪಗಳನ್ನು ಮುಟ್ಟಿ, ಅಲ್ಲಿಯ ಮೂಲನಿವಾಸಿಗಳಿಗೆ ನಮ್ಮ ಹೆಸರನ್ನಿಟ್ಟುಬಿಟ್ಟನು. ಐನೂರು ವರ್ಷಗಳು ಕಳೆದರೂ ಆ ಹೆಸರು ಅವರನ್ನು ಬಿಟ್ಟಿಲ್ಲ. ಎಷ್ಟೋ ಕಡೆ ಅದು ಬೈಗುಳವೂ ಆಗಿದೆ. ಈ ಗೊಂದಲವನ್ನು ತಪ್ಪಿಸಲೆಂದು ಹಲವರು ಭಾರತೀಯರನ್ನೆಲ್ಲ 'ಇಂದೂ', ಅಂದರೆ ಹಿಂದೂ, ಎನ್ನುವ ರೂಢಿ ಬೆಳೆಯಿತು. ಆ ನುಡಿಯಲ್ಲಿ ಹಕಾರ ಬರೆಯುವುದುಂಟು, ಉಚ್ಚರಿಸುವುದಿಲ್ಲ. ಹಾಗಾದರೆ ನಮ್ಮ ತರಗತಿಯಲ್ಲಿರುವ ಮುಸಲ್ಮಾನ, ಕ್ರೈಸ್ತ, ಜೈನ ಬಾಲಕರು ಏನಾಗಬೇಕು? 1713ರಲ್ಲಿ ಸ್ಥಾಪಿತವಾದ ಸ್ಪೇನಿನ ರಾಜ ಅಕಾಡೆಮಿಯು, ಧರ್ಮದೊಡನೆ ಗೊಂದಲವಾಗದ ಸಂದರ್ಭದಲ್ಲಿ ಈ ಪ್ರಯೋಗ ಸಲ್ಲಬಹುದೆನ್ನುತ್ತದೆ. ಪಂಡಿತರು ಒಪ್ಪಿದರೂ ನಮ್ಮ ಮನಸ್ಸು ಒಪ್ಪದು. ನಾವಂತೂ 'ಇಂದಿಯೊ' ಎಂದೇ ಹೇಳುತ್ತೇವೆ. ಸಂಶಯ ಬಂದಲ್ಲಿ 'ಭಾರತದಿಂದ ಬಂದವನು' ಎಂದು ಬಿಡಿಸಿ ಹೇಳುವುದು ಲೇಸು.

ತಮ್ಮ ನುಡಿಯ ಹೆಸರಿನ ವಿಷಯದಲ್ಲಿ ಸ್ಪ್ಯಾನಿಷರೇ ಒಮ್ಮತದವರಲ್ಲ. ಕಸ್ತೀಲ್ಯ ಪ್ರಾಂತದಲ್ಲಿ ಹುಟ್ಟಿದುದರಿಂದ ಅದಕ್ಕೆ 'ಕಸ್ತೆಯಾನೊ' ಎಂಬ ಹೆಸರೂ ಇದೆ. ಅಕಾಡೆಮಿಯು 1925ರಲ್ಲಿ ತನ್ನ ನಿಘಂಟಿನ ಹೆಸರನ್ನು 'ಎಸ್ಪಞೊಲ'ಕ್ಕೆ ಬದಲಾಯಿಸಿತು. 1978ರ ಸಂವಿಧಾನವು ಮತ್ತೆ 'ಕಸ್ತೆಯಾನೊ' ಎಂದೇ ಬರೆಯಿತು. ಕತಲಾನ್, ಗಲೀಸಿಯನ್, ಬಾಸ್ಕ್ ನುಡಿಗಳೂ ಸ್ಪೇನಿನವೇ ಆಗಿರುವಾಗ ಒಂದಕ್ಕೆ ಮಾತ್ರ ದೇಶದ ಹೆಸರು ಏಕೆಂದು ಅವನ್ನಾಡುವ ಅನೇಕರು ಕೇಳುತ್ತಾರೆ. ಈ ಪ್ರಶ್ನೆ ನಮಗೂ ಅಪರಿಚಿತವಲ್ಲ.

ಕಡೆಗೆ ನಮ್ಮ ಕನ್ನಡ. ಅದಕ್ಕೆ ಸ್ಪ್ಯಾನಿಷಿನಲ್ಲಿ 'ಕನರೇಸ್' ಎಂಬ ಹೆಸರಿದೆ. ಅವಸರದಲ್ಲಿ 'ಕನಾರ್ಯೊ' ಎಂದೀರಿ, ಜೋಕೆ! ಅದು ಕನೇರಿ ದ್ವೀಪದವನ ಹೆಸರು, ಹಾಡುವ ಹಳದಿ ಹಕ್ಕಿಯ ಹೆಸರೂ ಹೌದು. ಬಾಲಕನು 'ಸೊಯ್ ಇಂದಿಯೊ' ಎನ್ನಬೇಕು, ಬಾಲಕಿಯು 'ಸೊಯ್ ಇಂದಿಯ' ಎನ್ನಬೇಕು. ನಡುವೆ ಇಂಗ್ಲಿಷಿನಂತೆ 'ಒಬ್ಬ' ಎಂಬ ಪದವನ್ನು ತುರುಕಬೇಕಾಗಿಲ್ಲ. ತರುವಾಯ ಇಬ್ಬರೂ 'ಆಬ್ಲೊ ಕನರೇಸ್', ಕನ್ನಡ ಆಡುತ್ತೇನೆ, ಎನ್ನಬಹುದು. ಕೇಳಿದವರು ಹುಬ್ಬೇರಿಸಿದರೆ, ಅದು ದಕ್ಷಿಣ ಭಾರತದ ಒಂದು ನುಡಿ ಎಂದು ಮುಂದಿನ ವಾಕ್ಯವನ್ನೂ ಸಿದ್ಧವಾಗಿಟ್ಟುಕೊಳ್ಳಿರಿ.