ಕೆಂಪು ಶಾಯಿ

ಕೆಂಪು ಶಾಯಿ ಕಂಡರೆ ನಮ್ಮ ವಯಸ್ಸಿನ ಹೆಂಗಸರಿಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಗಣಿತದ ಅಂಕದ ಕೆಳಗೆ ಮಾಸ್ತರರು ಎಳೆದ ಗೆರೆ, ಅದಕ್ಕೆ ಅಪ್ಪನ ಸಹಿ ಹಾಕಿಸುವ ಸಂಕಟ ಮರೆಯುವಂಥದ್ದೇ? ಆದರೂ ಶಾಲೆಯ ಕೆಂಪು ಗೆರೆ ಮುಂದಿನ ತರಗತಿಗೆ ಹೋದರೆ ಮರೆತುಹೋಗುತ್ತದೆ. ಸೈನ್ಯದಲ್ಲೂ ಕೆಂಪು ಶಾಯಿ ಇದೆಯೆಂದು, ಅದು ಮನೆಯವರೆಗೂ ಹಿಂಬಾಲಿಸಿ ಬರುತ್ತದೆಯೆಂದು ನನಗೆ ತಿಳಿದದ್ದು ಅಕ್ಕನ ಗಂಡ ಬಂದೂಕಿನ ಲೈಸೆನ್ಸಿಗೆ ಹೊರಟಾಗ.

ಅಕ್ಕನದು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಮಾಮಾ ಸೈನ್ಯದಲ್ಲಿ ನಾಯಕ್ ಆಗಿ ನಿವೃತ್ತರಾದವರು. ಪಿಂಚಣಿ ಬರುತ್ತದೆ, ನಿಜ. ಇಬ್ಬರು ಮಕ್ಕಳ ಕಾಲೇಜಿನ ಖರ್ಚೂ ಬರುತ್ತದಲ್ಲ! ಕಲಬುರಗಿಯಲ್ಲಿ ಬ್ಯಾಂಕೊಂದರ ಕಾವಲು ಕೆಲಸ ಸಿಗುವಂತಿತ್ತು. ಆದರೆ ಸ್ವಂತ ಲೈಸೆನ್ಸಿನ ಬಂದೂಕು ಇರಬೇಕೆಂದರು.

ಅಂದು ರಾತ್ರಿಯೇ ಅಕ್ಕ ಫೋನು ಮಾಡಿದಳು. “ಇವರ ಕಾಗದದಾಗ ಕೆಂಪು ಶಾಯಿ ಅದ. ಅದನ್ನ ನೋಡಿ ಇಲ್ಲ ಅಂದ್ರ ಏನ್ ಮಾಡೋದು?”

ಸಿಪಾಯಿ ತಪ್ಪು ಮಾಡಿದರೆ ಅವನ ನಡತೆಯ ಹಾಳೆಯಲ್ಲಿ ಬರೆಯುತ್ತಾರೆ. ದೊಡ್ಡ ಶಿಕ್ಷೆಗೆ ಕೆಂಪು ಶಾಯಿ, ಸಣ್ಣದಕ್ಕೆ ಕಪ್ಪು. ಮಾಮಾನ ತಪ್ಪೆಂದರೆ, ರಜೆ ಮುಗಿದು ಒಂಬತ್ತು ದಿನ ತಡವಾಗಿ ಹೋದದ್ದು. 1950ರ ಸೇನಾ ಕಾಯ್ದೆಯ 39ನೆಯ ಕಲಮಿನಲ್ಲಿ ಅದು ಅಪರಾಧ. ಕಮಾಂಡಿಂಗ್ ಆಫೀಸರರೇ ವಿಚಾರಿಸಿ ಏಳು ದಿನ ಸೆರೆ ಕೊಟ್ಟರು. ಆ ಒಂಬತ್ತು ದಿನ ಮಾಮಾ ಕಲಬುರಗಿಯ ಆಸ್ಪತ್ರೆಯಲ್ಲಿದ್ದರು. ಅಕ್ಕನ ಚೊಚ್ಚಲ ಹೆರಿಗೆ. ದಿನ ತುಂಬದ ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು.

ಗೆಳೆಯರು ಉಪದೇಶ ಮಾಡಿದರು: “ಅದನ್ಯಾಕ ಹೇಳ್ತೀರಿ? ಸುಮ್ಮಗಿರ್ರಿ.” ನಾನು ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ನಕ್ಕು, ಮುಚ್ಚಿಡುವುದೇ ಅಪಾಯ ಎಂದರು. ಮುಖ್ಯ ಸಂಗತಿ ಬಚ್ಚಿಟ್ಟು ಪಡೆದ ಲೈಸೆನ್ಸನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೆಯ ಕಲಮಿನಡಿ ರದ್ದು ಮಾಡಬಹುದು. ಅದೇ ಕಾಯ್ದೆಯ 9ನೆಯ ಕಲಮು ಐದು ವರ್ಷ ಬಂದೂಕಿನಿಂದ ದೂರ ಇಡುವುದು ಹಿಂಸೆ ಅಥವಾ ನೀತಿಗೆಟ್ಟ ಕೆಲಸಕ್ಕಾಗಿ ಸೆರೆಮನೆ ಕಂಡವರನ್ನು. ಆ ಐದು ವರ್ಷದ ಲೆಕ್ಕ ಶಿಕ್ಷೆ ಮುಗಿದ ಮೇಲೆ ಶುರು. ಹೊಡೆದಾಟಕ್ಕೋ ಕಳವಿಗೋ ಶಿಕ್ಷೆಯಾದವನ ಮಾತು ಬೇರೆ, ರಜೆ ಮೀರಿದವನ ಮಾತು ಬೇರೆ. ಸೈನ್ಯದೊಳಗೂ ಹಾಗೆಯೇ. ನಾಲ್ಕು ಕೆಂಪು ನಮೂದಾಯಿತೆಂದ ಮಾತ್ರಕ್ಕೆ ಸಿಪಾಯಿಯನ್ನು ಮನೆಗೆ ಕಳಿಸಬಾರದು, ಅವನ ತಪ್ಪಿನ ಬಗೆ, ಸೇವೆಯ ರೀತಿ ನೋಡಬೇಕು ಎಂದು 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಹಾಗೆಂದು ಎಲ್ಲ ಹಗುರವಾಯಿತೆಂದಲ್ಲ. 14ನೆಯ ಕಲಮಿನಲ್ಲಿ ‘ಅಯೋಗ್ಯ’ ಎಂಬ ಮಾತಿದೆ. ಅದರ ಬಾಯಿ ಬಲು ದೊಡ್ಡದು. ಹಳೆಯ ಶಿಸ್ತಿನ ಕಾಗದವೂ ಅದರೊಳಗೆ ಹೋಗಬಹುದು. ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣ ಬರೆದು ಕೊಡಬೇಕು, ಮೇಲ್ಮನವಿಗೂ ದಾರಿಯುಂಟು. ಮಾಮಾ ಬಿಡುಗಡೆಯ ಪುಸ್ತಕದ ಪ್ರತಿ ಲಗತ್ತಿಸಿ, ಶಿಕ್ಷೆಯಾದದ್ದನ್ನೂ ಬರೆದು, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟರು.

ನನ್ನನ್ನು ಕೊರೆದ ಪ್ರಶ್ನೆ ಬೇರೆ. ಹಾಳೆಯಲ್ಲಿ ಒಂದು ಚುಕ್ಕೆಯೂ ಇಲ್ಲದೆ ಬಂದು, ಮನೆಯಲ್ಲಿ ಕುಡಿದು ಹೆಂಡತಿಯ ಮೇಲೆ ಕೈ ಎತ್ತುವವನೂ ಇರಬಹುದಲ್ಲ? ಅದು ಯಾವ ಶಾಯಿಯಲ್ಲಿ ನಮೂದಾಗಿರುತ್ತದೆ? ಹೊತ್ತಿಗೆ ಸರಿಯಾಗಿ ಹಾಜರಾದನೇ ಎಂಬುದನ್ನು ಪಲ್ಟನ್ನು ಬರೆದಿಟ್ಟಿರುತ್ತದೆ. ಅವನ ಸಿಟ್ಟು ಎಂಥದೆಂದು ಬಲ್ಲವಳು ಅಡುಗೆಮನೆಯಲ್ಲಿರುತ್ತಾಳೆ.

ಲೈಸೆನ್ಸು ಕೊಡುವ ಮುಂಚೆ ಪೊಲೀಸ್ ವರದಿ ತರಿಸಬೇಕೆಂದು ಕಾಯ್ದೆಯಿದೆ. ವಿಚಾರಣೆಗೆ ಬಂದವರು ಓಣಿಯವರನ್ನು ಮಾತಾಡಿಸಿ, ಕೊನೆಗೆ ಅಕ್ಕನ ಕಡೆ ತಿರುಗಿದರಂತೆ. “ಅಕ್ಕಾರ, ಮನ್ಯಾಗ ಬಂದೂಕ ಇದ್ರ ನಿಮಗ ಅಂಜಿಕಿ ಇಲ್ಲಲ್ರೀ?”

ಅಕ್ಕ ತುಸು ಹೊತ್ತು ಸುಮ್ಮನಿದ್ದಳಂತೆ. ಆಮೇಲೆ ಹೇಳಿದಳು: “ಬಂದೂಕಂದ್ರ ಅಂಜಿಕಿ ಅದರೀ. ಇವರಂದ್ರ ಇಲ್ಲ. ಆ ಕೆಂಪು ಶಾಯಿ ಬಿದ್ದದ್ದು ನಮ್ಮ ದೊಡ್ಡವನ ಸಲುವಾಗಿ. ಒಳಗ ಓದ್ಲಿಕತ್ತಾನ, ಕರೀಲೇನು?”

ಕೆಲವು ತಿಂಗಳು ಕಾದ ಮೇಲೆ ಲೈಸೆನ್ಸು ಬಂತು, ಕೆಲಸವೂ ಸಿಕ್ಕಿತು. ಮಾಮಾ ಈಗ ದಿನಾ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬರುತ್ತಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಅರ್ಜಿ ಹಾಕಬಹುದು. ವಿಚಾರಣೆಗೆ ಬಂದವರು ಕಾಗದ ನೋಡಿ, ಗಂಡಸರನ್ನಷ್ಟೇ ಕೇಳಿ ಏಳಲೂಬಹುದು. ಅಂದು ಚಹಾ ಮಾಡುವ ನೆವದಲ್ಲಿ ಒಳಗೆ ಹೋಗಿಬಿಡಬೇಡಿ. ಹೊರಗೆ ಬಂದು ಕುಳಿತು, ಇದ್ದದ್ದನ್ನು ಇದ್ದಂತೆ ಹೇಳಿ. ಚಹಾ ಆಮೇಲೆ ಮಾಡಿದರಾಯಿತು.