ಹುರಿದ ಹಿಟ್ಟಿನ ದ್ವೀಪಗಳು

ಆಫ್ರಿಕಾದ ವಾಯವ್ಯ ಕರಾವಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ಕನೇರಿ ದ್ವೀಪಗಳಿವೆ. ಆಳುವುದು ಸ್ಪೇನ್. ಜನವಸತಿ ಇರುವ ದ್ವೀಪಗಳು ಎಂಟು, ಎಂಟೂ ಜ್ವಾಲಾಮುಖಿಯಿಂದ ಹುಟ್ಟಿದವು. ಟೆನೆರಿಫೆ ದ್ವೀಪದ ತೇಯ್ದೆ ಪರ್ವತದ ಎತ್ತರ 3,715 ಮೀಟರ್. ಇಡೀ ಸ್ಪೇನ್ ದೇಶದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಚಳಿ ದೇಶಗಳ ಜನ ಬಿಸಿಲು ಕಾಯಿಸಿಕೊಳ್ಳಲು ಅಲ್ಲಿಗೆ ಹೋಗುತ್ತಾರೆ. ನಾನು ಹೋದದ್ದು ಹಡಗಿನ ರಿಪೇರಿಗೆ. ಗ್ರಾನ್ ಕನಾರಿಯಾದ ಲಾಸ್ ಪಾಲ್ಮಾಸ್ ಬಂದರಿನ ಡ್ರೈಡಾಕ್‌ನಲ್ಲಿ ನಮ್ಮ ಹಡಗು ಐದು ವಾರ ನಿಂತಿತ್ತು. ಎಂಜಿನ್ ರೂಮಿನವನಿಗೆ ಬಂದರು ಎಂದರೆ ಸಾಮಾನ್ಯವಾಗಿ ಒಂದು ಗೇಟು, ಒಂದು ಟ್ಯಾಕ್ಸಿ, ಒಂದು ಸಿಮ್ ಕಾರ್ಡಿನ ಅಂಗಡಿ. ಅಲ್ಲಿ ಮಾತ್ರ ಭಾನುವಾರಗಳು ಸಿಕ್ಕವು. ನೋಡುವುದಕ್ಕಿಂತ ತಿಂದದ್ದೇ ಹೆಚ್ಚು.

ಆ ದ್ವೀಪಗಳ ಊಟವನ್ನು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಗೋಫಿಯೊ. ಕನ್ನಡದಲ್ಲಿ ಅದಕ್ಕೆ ಹೆಸರು ಹುಡುಕುವ ಕಷ್ಟವಿಲ್ಲ: ಹುರಿಹಿಟ್ಟು. ಧಾನ್ಯವನ್ನು ಮೊದಲು ಹುರಿದು, ಆಮೇಲೆ ಬೀಸಿ, ಚೂರು ಉಪ್ಪು ಸೇರಿಸಿದ ಹಿಟ್ಟು. ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಸಕ್ಕರೆ, ಮೈದಾದ ಪಕ್ಕದಲ್ಲೇ ಕಿಲೋ ಪ್ಯಾಕೆಟ್ಟುಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಗೋಧಿಯದು, ಮೆಕ್ಕೆಜೋಳದ್ದು, ಬಾರ್ಲಿಯದು, ಎರಡು ಮೂರು ಬೆರೆಸಿದ್ದು. ಗಿರಣಿಗೆ ಹೋದರೆ ಬೀದಿಯ ತಿರುವಿನಲ್ಲೇ ವಾಸನೆ ಬರುತ್ತದೆ. ತಿಪಟೂರಿನ ಕಡೆಯಿಂದ ಮುಂಬೈಗೆ ಬಂದ ನನಗೆ ಆ ವಾಸನೆಯ ಪರಿಚಯ ಮಾಡಿಸುವವರು ಬೇಕಿರಲಿಲ್ಲ.

ಸ್ಪೇನಿನವರು ಬರುವ ಮೊದಲು ಆ ದ್ವೀಪಗಳಲ್ಲಿ ಉತ್ತರ ಆಫ್ರಿಕಾದ ಬೆರ್ಬರ್ ಮೂಲದ ಜನರಿದ್ದರು. ಟೆನೆರಿಫೆಯವರನ್ನು ಗುವಾಂಚೆ ಎನ್ನುತ್ತಿದ್ದರು. ಈಗ ಎಲ್ಲ ದ್ವೀಪಗಳ ಮೂಲ ಜನರಿಗೂ ಅದೇ ಹೆಸರು ಬಳಕೆಯಲ್ಲಿದೆ. ಅವರಿಗೆ ಲೋಹ ಗೊತ್ತಿರಲಿಲ್ಲ. ಬಾರ್ಲಿ ಬೆಳೆದು, ಹುರಿದು, ಜ್ವಾಲಾಮುಖಿಯ ಕಲ್ಲಿನಲ್ಲಿ ಮಾಡಿದ ಬೀಸುಕಲ್ಲಿನಲ್ಲಿ ಬೀಸುತ್ತಿದ್ದರು. 1402ರಲ್ಲಿ ಶುರುವಾದ ದಂಡಯಾತ್ರೆ 1496ರಲ್ಲಿ ಟೆನೆರಿಫೆ ಸೋಲುವುದರೊಂದಿಗೆ ಮುಗಿಯಿತು. ಅವರ ಭಾಷೆ ಸತ್ತುಹೋಯಿತು. ಊರುಗಳ ಹೆಸರಿನಲ್ಲಿ, ಕೆಲವೇ ಪದಗಳಲ್ಲಿ ಅದರ ಚೂರುಗಳು ಉಳಿದಿವೆ. ಹಿಟ್ಟು ಮಾತ್ರ ಗೆದ್ದವರ ಅಡುಗೆಮನೆಯನ್ನೂ ಹೊಕ್ಕಿತು. ಆಮೇಲೆ ಅಮೆರಿಕದಿಂದ ಮೆಕ್ಕೆಜೋಳ ಬಂತು, ಅದನ್ನೂ ಹುರಿದು ಬೀಸಿದರು.

ತಿನ್ನುವ ಕ್ರಮ ಹಲವು. ಬೆಳಿಗ್ಗೆ ಬಿಸಿ ಹಾಲಿಗೆ ಎರಡು ಚಮಚ ಹಾಕಿ ಮಕ್ಕಳಿಗೆ ಕೊಡುತ್ತಾರೆ. ಕುದಿಯುವ ಮೀನಿನ ಸಾರನ್ನು ಹಿಟ್ಟಿಗೆ ಹುಯ್ದು, ಗಂಟಾಗದಂತೆ ತಿರುವಿದರೆ ಅದು ಎಸ್ಕಲ್ದೋನ್. ನೋಡಲು ನಮ್ಮ ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ. ಕೆಂಪು ಈರುಳ್ಳಿಯ ಎಸಳನ್ನೇ ಚಮಚದಂತೆ ಹಿಡಿದು ಅದನ್ನು ಬಾಚಿ ತಿನ್ನುತ್ತಾರೆ. ಇನ್ನೊಂದು ಪೆಲ್ಯಾ: ನೀರು, ಉಪ್ಪು, ಕೆಲವೊಮ್ಮೆ ಜೇನು, ಬಾದಾಮಿ ಹಾಕಿ ನಾದಿದ ಉಂಡೆ. ಹಿಂದೆ ಕುರುಬರು ಮೇಕೆಮರಿಯ ಚರ್ಮದ ಚೀಲದಲ್ಲಿ ಹಿಟ್ಟು ನೀರು ಹಾಕಿ, ತೊಡೆಯ ಮೇಲಿಟ್ಟು ಅದುಮಿ ಅದುಮಿ ಈ ಉಂಡೆ ಮಾಡಿಕೊಳ್ಳುತ್ತಿದ್ದರು. ಹಿಟ್ಟು ಆಗಲೇ ಬೆಂದಿರುವುದರಿಂದ ಬೆಟ್ಟದ ಮೇಲೆ ಒಲೆ ಬೇಡ, ಸೌದೆ ಬೇಡ. ಹೊಲಕ್ಕೆ, ಜಾತ್ರೆಗೆ, ದೂರದ ದಾರಿಗೆ ನಮ್ಮವರು ರಾಗಿ ಹುರಿಹಿಟ್ಟು ಕಟ್ಟಿಕೊಂಡದ್ದೂ ಇದೇ ಕಾರಣಕ್ಕೆ. ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಒಣ ನೆಲ, ಕಡಿಮೆ ಸೌದೆ, ಬೆಟ್ಟಕ್ಕೆ ಹೋದ ಗಂಡಸು ಸಂಜೆಯ ತನಕ ಬಾರದಿರುವುದು, ಇಷ್ಟಿದ್ದರೆ ಯಾವ ತಾಯಿಯಾದರೂ ಇದೇ ಉಪಾಯಕ್ಕೆ ಬರುತ್ತಾಳೆ.

ಡಾಕ್‌ನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಫಿಟ್ಟರ್ ಲಾ ಪಾಲ್ಮಾ ದ್ವೀಪದವರು. ಅರವತ್ತರ ಹತ್ತಿರದ ವಯಸ್ಸು, ಹಡಗುಗಳ ಮೇಲೆ ಕಲಿತ ಇಂಗ್ಲಿಷು. ನಾನು ಪೆಲ್ಯಾ ಇಷ್ಟಪಟ್ಟು ತಿನ್ನುವುದನ್ನು ನೋಡಿ ಅವರಿಗೆ ನಗು. ಅವರ ತಾಯಿಯ ಬಾಲ್ಯ ಸ್ಪೇನಿನ ಅಂತರ್ಯುದ್ಧದ ನಂತರದ ವರ್ಷಗಳದ್ದು. ಯುದ್ಧ 1939ಕ್ಕೆ ಮುಗಿದರೂ ರೇಷನ್ ಚೀಟಿ 1952ರವರೆಗೆ ಹೋಗಲಿಲ್ಲ. ಗೋಫಿಯೊ ಇಲ್ಲದಿದ್ದರೆ ಆ ತಲೆಮಾರು ಉಳಿಯುತ್ತಿರಲಿಲ್ಲ ಎಂದರು. ಧಾನ್ಯ ತೀರಿದಾಗ ಬಡವರು ಕಾಡಿನ ಜರಿಗಿಡದ ಬೇರನ್ನು ಅಗೆದು, ಒಣಗಿಸಿ, ಹುರಿದು ಹಿಟ್ಟು ಮಾಡಿಕೊಂಡದ್ದೂ ಉಂಟಂತೆ. ಅವರ ತಾಯಿ ಸಾಯುವ ತನಕ ಅಡುಗೆಮನೆಯ ಡಬ್ಬಿಯಲ್ಲಿ ಗೋಫಿಯೊ ಅರ್ಧಕ್ಕಿಳಿಯಲು ಬಿಡಲಿಲ್ಲ. ಅರ್ಧ ಆಯಿತೆಂದರೆ ಆಕೆಗೆ ನಿದ್ದೆ ಬರುತ್ತಿರಲಿಲ್ಲ.

ಅವರ ತಂದೆ ವೆನೆಜುವೆಲಾಕ್ಕೆ ಹೋದವರು. ಆ ಕಾಲದಲ್ಲಿ ಕನೇರಿಯ ಸಾವಿರಾರು ಜನ ಅಲ್ಲಿಗೆ ಹೋದರು. ಕಾಗದಪತ್ರ ಇಲ್ಲದೆ ಸಣ್ಣ ಹಾಯಿದೋಣಿಗಳಲ್ಲಿ ಅಟ್ಲಾಂಟಿಕ್ ದಾಟಿದವರೂ ಇದ್ದರು. ವೆನೆಜುವೆಲಾವನ್ನು 'ಎಂಟನೇ ದ್ವೀಪ' ಎಂದು ಕರೆಯುವ ರೂಢಿಯೇ ಅಲ್ಲಿದೆ. ಹೋಗುವಾಗ ಗೋಫಿಯೊ ಕಟ್ಟಿಕೊಂಡು ಹೋದರು, ಮರಳಿ ಬರುವಾಗ ಅರೇಪ ತಂದರು. ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿಯನ್ನು ಸೀಳಿ ಒಳಗೆ ಮಾಂಸ, ಚೀಸು, ಅವರೆಯಂಥ ಕಪ್ಪು ಕಾಳು ತುಂಬಿದ್ದು. ಇವತ್ತು ಟೆನೆರಿಫೆಯಲ್ಲಿ ಅರೇಪ ಅಂಗಡಿ ಇಲ್ಲದ ಊರು ಹುಡುಕಬೇಕು. ಮುಂಬೈಗೆ ಬಂದವರು ದೋಸೆ ತಂದು ಹೋಟೆಲು ಇಟ್ಟರು. ರಜೆಗೆ ಊರಿಗೆ ಹೋದಾಗ ನಮ್ಮ ಬಸ್ ಸ್ಟ್ಯಾಂಡಿನ ಎದುರು ಪಾವ್ ಭಾಜಿಯ ಗಾಡಿ ನಿಂತಿರುತ್ತದೆ. ಹೊಟ್ಟೆಪಾಡಿಗೆ ಹೊರಟವರ ಗಂಟಿನಲ್ಲಿ ಊಟ ಎರಡೂ ದಿಕ್ಕಿಗೆ ಪ್ರಯಾಣ ಮಾಡುತ್ತದೆ.

ಆಲೂಗಡ್ಡೆಯ ಕಥೆಯೂ ಹೀಗೆಯೇ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಿಂದ ಹದಿನಾರನೇ ಶತಮಾನದಲ್ಲಿ ಆ ದ್ವೀಪಗಳಿಗೆ ಬಂತು. ಮುಖ್ಯ ನಾಡಿನ ಸ್ಪೇನಿನವರು ಅದನ್ನು ಪಟಾಟ ಎಂದರೆ ಇವರು ಇಂದಿಗೂ ಆಂಡಿಸ್‌ನವರ ಹೆಸರನ್ನೇ ಇಟ್ಟುಕೊಂಡು ಪಾಪಾ ಎನ್ನುತ್ತಾರೆ. ಟೆನೆರಿಫೆಯ ಬೆಟ್ಟದ ಇಳಿಜಾರುಗಳಲ್ಲಿ ಹಳೆಯ ತಳಿಗಳು ಉಳಿದಿವೆ: ಸಣ್ಣವು, ಗಂಟುಗಂಟಾದವು, ಕಪ್ಪು ಸಿಪ್ಪೆಯ ಒಳಗೆ ಮೊಟ್ಟೆಯ ಹಳದಿಯ ಬಣ್ಣದವು. ಅವನ್ನು ಸಿಪ್ಪೆ ಸಮೇತ, ಧಾರಾಳ ಉಪ್ಪು ಹಾಕಿದ ಸ್ವಲ್ಪ ನೀರಿನಲ್ಲಿ ಬೇಯಿಸಿ, ನೀರು ಬಸಿದು, ಮತ್ತೆ ಒಲೆಯ ಮೇಲಿಟ್ಟು ಕುಲುಕುತ್ತಾರೆ. ಸಿಪ್ಪೆ ಸುಕ್ಕುಗಟ್ಟಿ ಮೇಲೆ ಬಿಳಿ ಉಪ್ಪು ಕೂರುತ್ತದೆ. ಹಿಂದೆ ಸಮುದ್ರದ ನೀರಿನಲ್ಲೇ ಬೇಯಿಸುತ್ತಿದ್ದರು. ಇದು ಪಾಪಾಸ್ ಅರುಗಾದಾಸ್; ಸಿಪ್ಪೆ ಸುಲಿಯದೆ ತಿನ್ನಬೇಕು. ಜೊತೆಗೆ ಮೋಹೊ. ಕೆಂಪು ಮೋಹೊಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಎಣ್ಣೆ, ವಿನೆಗರ್. ಹಸಿರಿಗೆ ಕೊತ್ತಂಬರಿ ಸೊಪ್ಪು. ಒರಳಿನಲ್ಲಿ ಕುಟ್ಟುತ್ತಾರೆ. ಜೀರಿಗೆ ಬೆಳ್ಳುಳ್ಳಿಯ ಚಟ್ನಿ ತಿಂದು ಬೆಳೆದ ನಾಲಿಗೆಗೆ ಬೇರೆ ಪರಿಚಯ ಬೇಡ.

ಜೀರಿಗೆಯ ಮಾತು ಬಂದಾಗ ನೆನಪಾಗುವುದು ಲಾಸ್ ಪಾಲ್ಮಾಸಿನ ಸಿಂಧಿ ಅಂಗಡಿಗಳು. ಸಿಂಧಿ ವ್ಯಾಪಾರಿಗಳು ಅಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಇದ್ದಾರೆ; ಸಿಂಧ್ ಇನ್ನೂ ಹಿಂದೂಸ್ತಾನದಲ್ಲಿದ್ದಾಗ ಹಡಗಿನಲ್ಲಿ ಬಂದು ರೇಷ್ಮೆ, ಕರಕುಶಲ ಸಾಮಾನು ಮಾರಿದವರು. ದೇಶ ಭಾಗವಾದಾಗ ಹಿಂದಿರುಗಲು ಅವರಿಗೆ ಊರು ಉಳಿಯಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ನಾನು ಉಲ್ಲಾಸನಗರದ ಹೆಸರು ಹೇಳಿದ್ದೇ ಮಾಲೀಕರು ಸ್ಟೂಲು ಎಳೆದು ಕೂರಿಸಿದರು. ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಕೇಳಿದೆ. "ಹಾಲಿಗೆ ಗೋಫಿಯೊ. ನಮ್ಮಮ್ಮ ಇದ್ದಾಗ ಸತ್ತು ಅಂತಿದ್ದಳು" ಎಂದರು, ಹಿಂದಿಯಲ್ಲಿ.

ಜ್ವಾಲಾಮುಖಿ ಬರೀ ಹಿನ್ನೆಲೆಯಲ್ಲ, ತಟ್ಟೆಯಲ್ಲೂ ಇದೆ ಎನ್ನುವುದು ತಿಳಿಯಬೇಕಾದರೆ ಲಾನ್ಸರೋಟೆಗೆ ಹೋಗಬೇಕು. 1730ರಿಂದ 1736ರವರೆಗೆ ಅಲ್ಲಿ ಭೂಮಿ ಬಾಯಿಬಿಟ್ಟು ಒಳ್ಳೆಯ ಹೊಲಗಳನ್ನು, ಊರುಗಳನ್ನು ಮುಚ್ಚಿಹಾಕಿತು. ಲಾವಾ ಹರಿದಲ್ಲಿ ಏನೂ ಮಾಡುವಂತಿರಲಿಲ್ಲ. ಕರಿ ಹರಳುಬೂದಿ ಬಿದ್ದ ಕಡೆ ರೈತರು ಒಂದು ವಿಷಯ ಕಂಡುಕೊಂಡರು: ಹರಳು ರಾತ್ರಿಯ ತೇವ ಹೀರುತ್ತದೆ, ಹಗಲು ಅದನ್ನು ಆರಲು ಬಿಡುವುದಿಲ್ಲ. ವರ್ಷಕ್ಕೆ 150 ಮಿಲಿಮೀಟರ್ ಮಳೆಯೂ ಕಷ್ಟವಾದ ಊರು ಅದು; ನಮ್ಮ ಬಯಲುಸೀಮೆಯ ಒಣ ತಾಲೂಕುಗಳಲ್ಲೂ ಅದರ ಎರಡು ಮೂರು ಪಟ್ಟು ಬೀಳುತ್ತದೆ. ಅಲ್ಲಿನ ಲಾ ಹೇರಿಯಾ ಎಂಬಲ್ಲಿ ಕೆಳಗಿನ ಹಳೆಯ ಮಣ್ಣು ಸಿಗುವ ತನಕ ಗುಂಡಿ ತೋಡಿ, ಗುಂಡಿಗೊಂದು ದ್ರಾಕ್ಷಿ ಬಳ್ಳಿ ನೆಟ್ಟು, ಗಾಳಿ ಬೀಸುವ ಕಡೆಗೆ ಅರ್ಧಚಂದ್ರದಂತೆ ಕಲ್ಲುಕಟ್ಟೆ ಕಟ್ಟಿದ್ದಾರೆ. ಕಪ್ಪು ನೆಲದ ತುಂಬ ಸಾವಿರಾರು ಗುಂಡಿ, ಒಂದೊಂದರಲ್ಲೂ ಒಂದು ಹಸಿರು. ಟ್ರ್ಯಾಕ್ಟರ್ ಹೋಗಲಾರದು, ಎಲ್ಲ ಕೈಕೆಲಸ. ಅಲ್ಲಿನ ಮಲ್ವಸಿಯಾ ವೈನು ಕುಡಿಯುವವರು ಆ ಗುಂಡಿಗಳನ್ನು ಒಮ್ಮೆ ನೋಡಿ ಕುಡಿಯಲಿ. ಹತ್ತಿರದ ತಿಮಾನ್ಫಾಯಾದಲ್ಲಿ ಭೂಮಿಯ ಬಿಸಿಯಲ್ಲೇ ಮಾಂಸ ಸುಡುವ ಹೋಟೆಲಿದೆ. ಪ್ರವಾಸಿಗಳ ಸಾಲು ಉದ್ದ. ನನಗೆ ಗುಂಡಿಗಳೇ ಹೆಚ್ಚು ರುಚಿಸಿದವು.

ಲಾ ಗೊಮೇರಾ ದ್ವೀಪದ್ದು ತಾಳೆಯ ಜೇನು. ಹೆಸರು ಜೇನು, ಹುಳುವಿಗೆ ಸಂಬಂಧವಿಲ್ಲ. ಅಲ್ಲಿನ ತಾಳೆ ಮರ ನಮ್ಮ ಈಚಲಿನ ಸೋದರಸಂಬಂಧಿ. ಮರ ಹತ್ತಿ ತಲೆಯ ಸುಳಿಯನ್ನು ದಿನವೂ ತೆಳ್ಳಗೆ ಕೆತ್ತಿ, ರಾತ್ರಿಯೆಲ್ಲ ತೊಟ್ಟಿಕ್ಕುವ ರಸ ಹಿಡಿದು, ಬಿಸಿಲೇರುವ ಮುನ್ನ ಇಳಿಸಿ ಕಾಯಿಸುತ್ತಾರೆ. ರಸಕ್ಕೆ ಗುವಾರಪೊ ಎನ್ನುತ್ತಾರೆ, ನಮ್ಮ ನೀರಾ. ಕಾಯಿಸಿದ್ದು ಜೋನಿಬೆಲ್ಲ, ಸ್ವಲ್ಪ ಹೊಗೆಯ ರುಚಿ. ಅದನ್ನು ಗೋಫಿಯೊಗೆ ಬೆರೆಸಿ ಉಂಡೆ ಕಟ್ಟಿದರೆ ಬೆಲ್ಲದ ಹುರಿಹಿಟ್ಟಿನ ಉಂಡೆಯಲ್ಲದೆ ಬೇರೆ ಏನೂ ಅಲ್ಲ.

ಬರುವಾಗ ಒಂದು ಕಿಲೋ ಗೋಫಿಯೊ ಡೊಂಬಿವಲಿಯ ಮನೆಗೆ ತಂದೆ. ಮಗಳು ಹಾಲಿಗೆ ಹಾಕಿಕೊಂಡು ಕುಡಿದಳು, ಇನ್ನೊಂದು ಲೋಟ ಕೇಳಿದಳು. ಅಮ್ಮ ಪ್ಯಾಕೆಟ್ಟಿನ ಬಾಯಿಗೆ ಮೂಗಿಟ್ಟು ನೋಡಿ ಹಿಂದಕ್ಕೆ ಕೊಟ್ಟಳು.

"ನೀವು ತಿನ್ನಿ ಕಣಪ್ಪ. ನಂಗೆ ಬ್ಯಾಡ."

ಅರವತ್ತರ ದಶಕದ ಬರಗಾಲದಲ್ಲಿ ಅಮ್ಮನ ಮನೆಯಲ್ಲಿ ಏಳು ಮಕ್ಕಳು. ಅಜ್ಜಿ ಒಂದು ಹಿಡಿ ಹುರಿಹಿಟ್ಟನ್ನು ದೊಡ್ಡ ಪಾತ್ರೆ ನೀರಿಗೆ ಕದಡಿ, ಉಪ್ಪು ಹಾಕಿ, ಎಲ್ಲರಿಗೂ ಒಂದೊಂದು ಲೋಟ ಹುಯ್ಯುತ್ತಿದ್ದಳಂತೆ. ಕೊನೆಯವನಿಗೆ ತಳದ ಹಿಟ್ಟು ಸಿಗುತ್ತದೆ ಎಂದು ಎಲ್ಲರಿಗೂ ಕೊನೆಯಲ್ಲಿ ಕೂರುವ ಆಸೆ, ಅದಕ್ಕೇ ಜಗಳ. "ಈ ವಾಸ್ನೆ ಬಂದ್ರೆ ಹೊಟ್ಟೆ ಖಾಲಿ ಆದಂಗಾಗುತ್ತೆ. ತುಂಬ್ದಂಗಲ್ಲ" ಎಂದಳು. ನಾನು ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ಹುರಿಹಿಟ್ಟು ಏಕೆ ಇರಲಿಲ್ಲ, ಪಕ್ಕದ ಮನೆಯಲ್ಲಿ ಮಾತ್ರ ಏಕೆ ತಿನ್ನುತ್ತಿದ್ದೆ ಎನ್ನುವುದಕ್ಕೆ ಅಂದು ಉತ್ತರ ಸಿಕ್ಕಿತು.

ಫಿಟ್ಟರ್ ಅವರ ತಾಯಿಯನ್ನು ನೆನೆದೆ. ಒಂದೇ ಹಸಿವು, ಒಂದೇ ಹಿಟ್ಟು. ಒಬ್ಬಳು ಡಬ್ಬಿ ಖಾಲಿಯಾಗಲು ಬಿಡಲಿಲ್ಲ, ಇನ್ನೊಬ್ಬಳು ಡಬ್ಬಿಗೆ ಹಾಕಲೇ ಇಲ್ಲ. ಬಡವರ ಊಟವನ್ನು ಸಿರಿಧಾನ್ಯ, ಪಾರಂಪರಿಕ ರುಚಿ ಎಂದು ಹೊಗಳುವ ಕಾಲ ಇದು. ಗೋಫಿಯೊ ಹೆಸರಿಗೂ ಈಗ ಐರೋಪ್ಯ ಒಕ್ಕೂಟದ ರಕ್ಷಣೆಯಿದೆ. ದುಬಾರಿ ಹೋಟೆಲುಗಳಲ್ಲಿ ಅದರ ಐಸ್‌ಕ್ರೀಮು ಸಿಗುತ್ತದೆ. ಒಳ್ಳೆಯದೇ, ಗಿರಣಿಗಳು ಉಳಿಯುತ್ತವೆ. ಆದರೆ ಆ ಹೊಗಳಿಕೆಯನ್ನು ಅದನ್ನೇ ಕುಡಿದು ಬದುಕಿದವರ ಬಾಯಿಂದಲೂ ಕೇಳಬೇಕೆಂದು ಹಟ ಹಿಡಿಯುವಂತಿಲ್ಲ. ಬೇಡ ಎನ್ನುವುದೂ ಆ ಊಟದ ಚರಿತ್ರೆಯ ಒಂದು ಭಾಗವೇ.

2021ರ ಸೆಪ್ಟೆಂಬರ್ 19ರಂದು ಲಾ ಪಾಲ್ಮಾದಲ್ಲಿ ಕುಂಬ್ರೆ ವಿಯೆಹಾ ಸಿಡಿಯಿತು. 85 ದಿನ ಆರಲಿಲ್ಲ. ಸಾವಿರಕ್ಕೂ ಹೆಚ್ಚು ಮನೆಗಳು, ಬಾಳೆ ತೋಟಗಳು ಲಾವಾದಡಿ ಹೋದವು. ಉಳಿದ ಗೊನೆಗಳನ್ನು ಗಾಜಿನಂಥ ಬೂದಿ ಗೀರಿತು. ಫಿಟ್ಟರ್ ಅವರ ತಮ್ಮನ ತೋಟವೂ ಅದರಲ್ಲಿ ಹೋಯಿತು. ಮತ್ತೆ ಅಲ್ಲೇ ನೆಡುತ್ತಾರಾ ಎಂದು ಕೇಳಿದ್ದಕ್ಕೆ, ಲಾನ್ಸರೋಟೆಯವರು ಗುಂಡಿ ತೋಡಲು ಎಷ್ಟು ವರ್ಷ ತಗೊಂಡರು ಎಂದು ನನ್ನನ್ನೇ ಕೇಳಿದರು.

ಹೋಗುವವರಿದ್ದರೆ ಟೆನೆರಿಫೆಯ ಗುವಾಚಿಂಚೆಗಳನ್ನು ಮರೆಯಬೇಡಿ. ದ್ರಾಕ್ಷಿ ಬೆಳೆಯುವ ಕುಟುಂಬಗಳು ತಮ್ಮ ವೈನು ಮಾರಲು ಮನೆಯಲ್ಲೋ ಗ್ಯಾರೇಜಿನಲ್ಲೋ ನಾಲ್ಕು ಮೇಜು ಹಾಕಿ ತೆರೆಯುವ ಊಟದ ಮನೆ ಅದು. ಎಸ್ಕಲ್ದೋನ್, ಪಾಪಾ, ಮೋಹೊ, ಮೇಕೆಯ ಚೀಸು. ಮಾಡಿದ್ದು ಅಷ್ಟೇ, ಕೊಡುವುದು ಅದನ್ನೇ. ವೈನು ತೀರಿದ ದಿನ ಬಾಗಿಲು ಹಾಕಿಬಿಡುತ್ತಾರೆ, ಮುಂದಿನ ಸುಗ್ಗಿಯ ತನಕ ತೆಗೆಯುವುದಿಲ್ಲ. ಬಡಿಸುವವರಲ್ಲಿ ಮನೆಯ ಹಿರಿಯಳೊಬ್ಬಳು ಇದ್ದರೆ, ಗೋಫಿಯೊ ಎಂದರೆ ನಿಮಗೆ ಇಷ್ಟವೇ ಎಂದು ಕೇಳಿ ನೋಡಿ. ಹೌದು ಎಂದರೂ ಇಲ್ಲ ಎಂದರೂ ಆಮೇಲಿನ ಮಾತಿಗೆ ಸಮಯ ಇಟ್ಟುಕೊಂಡು ಹೋಗಿ.